ಮೊದಲ ನೀರು

ನೀರು ಕಾಯಿಸುವವಳು ನಮ್ಮವ್ವ. ಆ ನೀರಿಗೆ ಎಲ್ಲರಿಗಿಂತ ಕೊನೆಗೆ ಇಳಿಯುವವಳೂ ನಮ್ಮವ್ವ. ನಾಲ್ಕು ವರ್ಷ ಹೀಗೇ ನಡೆಯಿತು. ಐದನೇ ವರ್ಷ, ನೀನು ಇಳಿಯುವುದೇ ಬೇಡ ಅಂದರು. ಕಾಯಿಸುವುದನ್ನು ಮಾತ್ರ ಬಿಡಬೇಡ ಅಂದರು. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಎಂಬತ್ತು ದಾಟಿದ ಮುದುಕಿಗೆ ಯಾಕೆ ಸಿಟ್ಟು ಅಂತ ಮೊಮ್ಮಕ್ಕಳು ಕೇಳುತ್ತಾರೆ. ಸಿಟ್ಟಿಗೆ ವಯಸ್ಸಾಗುವುದಿಲ್ಲ ಮಕ್ಕಳೇ, ಕೂತು ಕೇಳಿ.

ನಾವು ಒಕಿನಾವದವರು. ಹವಾಯಿಯ ಕಬ್ಬಿನ ತೋಟಕ್ಕೆ ಕೂಲಿಗೆ ಬಂದವರು. ನಮ್ಮದು ಏಳನೇ ಕ್ಯಾಂಪು. ಎರಡು ಸಾಲು ಹಲಗೆಯ ಮನೆಗಳು, ನಡುವೆ ಕೆಂಪು ಮಣ್ಣಿನ ಬೀದಿ. ಮೇಲಿನ ಸಾಲಿನಲ್ಲಿ ನಾಯ್ಚಿಗಳು, ಅಂದರೆ ಜಪಾನಿನ ದೊಡ್ಡ ದ್ವೀಪಗಳಿಂದ ಬಂದವರು. ಕೆಳಗಿನ ಸಾಲಿನ ತುದಿಯಲ್ಲಿ, ಹಂದಿ ದೊಡ್ಡಿಯ ಪಕ್ಕದಲ್ಲಿ, ನಾವು ನಾಲ್ಕು ಮನೆಯವರು. ಬಿಳಿ ದೊರೆಗೆ ನಾವೆಲ್ಲರೂ ಒಂದೇ. ಕುತ್ತಿಗೆಗೆ ನಂಬರಿನ ಬಿಲ್ಲೆ ಕಟ್ಟಿಕೊಂಡ ಜಪಾನಿನವರು, ಅಷ್ಟೇ. ಕುದುರೆಯ ಮೇಲಿನ ಮೇಸ್ತ್ರಿ ನಾಯ್ಚಿ ಬೆನ್ನಿಗೂ ಬಾರಿಸುತ್ತಿದ್ದ, ನಮ್ಮ ಬೆನ್ನಿಗೂ ಬಾರಿಸುತ್ತಿದ್ದ. ಹಗಲೆಲ್ಲ ಒಂದೇ ಚಾಟಿಯ ಏಟು ತಿಂದವರು ಸಂಜೆ ಸ್ನಾನದ ಮನೆಗೆ ಬಂದ ಕೂಡಲೇ ಬೇರೆ ಬೇರೆ ಆಗಿಬಿಡುತ್ತಿದ್ದರು.

ಅಪ್ಪ ಕಬ್ಬಿನ ಗಾಡಿಯ ಕೆಳಗೆ ಸಿಕ್ಕಿ ಸತ್ತ. ಆಗ ನನಗೆ ಏಳು ವರ್ಷ. ದೊರೆ ಅವ್ವನಿಗೆ ಸ್ನಾನದ ಮನೆಯ ಕೆಲಸ ಕೊಟ್ಟ. ಮಹಾ ಉಪಕಾರ ಮಾಡಿದ ಅಂತ ಎಲ್ಲರೂ ಹೇಳಿದರು. ಉಪಕಾರ ಹೇಗಿತ್ತು ಕೇಳಿ. ಬೆಳಿಗ್ಗೆ ಎದ್ದು ಹೆಂಗಸರ ತೊಟ್ಟಿ, ಗಂಡಸರ ತೊಟ್ಟಿ, ಎರಡನ್ನೂ ಖಾಲಿ ಮಾಡಬೇಕು. ಹಲಗೆಗೆ ಮೆತ್ತಿಕೊಂಡ ಅರವತ್ತು ಜನರ ಕೊಳೆಯನ್ನು ತೆಂಗಿನ ನಾರಿನಲ್ಲಿ ತಿಕ್ಕಬೇಕು. ಕಣಿವೆಗೆ ಇಳಿದು ಸೀಬೆ ಮರದ ಸೌದೆ ಕಡಿದು ಬೆನ್ನ ಮೇಲೆ ಹೊತ್ತು ತರಬೇಕು. ಕಾಲುವೆಯಿಂದ ಒಂದೊಂದು ತೊಟ್ಟಿಗೆ ಎಂಬತ್ತು ಬಕೆಟ್ಟು ನೀರು ಹೊರಬೇಕು. ಆಮೇಲೆ ಹೊರಗಡೆ ಒಲೆಯ ಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಊದಬೇಕು. ನಾಲ್ಕೂವರೆಗೆ ಗಿರಣಿಯ ಸಿಳ್ಳೆ ಊದುವ ಹೊತ್ತಿಗೆ ನೀರು ಹದವಾಗಿ ಕಾದಿರಬೇಕು. ತಣ್ಣಗಿದ್ದರೆ ಬೈಗುಳ, ಸುಟ್ಟರೆ ಎರಡು ಬೈಗುಳ.

ಹದ ನೋಡುವುದಕ್ಕೂ ಒಂದು ಕಟ್ಟಳೆ ಮಾಡಿದ್ದರು. ಯಾರಾದರೂ ಕೈ ಅದ್ದಿ ನೋಡುತ್ತಾರೆ, ಅಲ್ಲವೇ? ಅವ್ವ ಕೈ ಅದ್ದುವಂತಿರಲಿಲ್ಲ. ಸೌಟಿನಲ್ಲಿ ನೀರು ಮೊಗೆದು ತನ್ನ ಪಾದದ ಮೇಲೆ ಸುರಿದುಕೊಂಡು ನೋಡಬೇಕಿತ್ತು. ಎಡಗಾಲ ಪಾದದ ಮೇಲೆ ಅವಳ ಚರ್ಮ ಸುಲಿದು, ಬೆಂದು, ಮತ್ತೆ ಸುಲಿದು ಗೆಣಸಿನ ಸಿಪ್ಪೆಯ ಹಾಗಾಗಿತ್ತು.

ಯಾಕೆಂದರೆ ಅವ್ವನ ಕೈಯಲ್ಲಿ ಹಚ್ಚೆ ಇತ್ತು. ಒಕಿನಾವದ ಹೆಂಗಸರ ಹಚ್ಚೆ. ಬೆರಳುಗಳ ಉದ್ದಕ್ಕೂ ಬಾಣ, ಗೆಣ್ಣುಗಳ ಮೇಲೆ ಚೌಕ, ಮಣಿಕಟ್ಟಿನ ಮೇಲೆ ದುಂಡು ಬೊಟ್ಟು. ಕಡುನೀಲಿ ಬಣ್ಣ. ಎರಡೂ ಕೈ ತುಂಬ.

ಕೆಲಸದಿಂದ ಹೆಂಗಸರು ಬರುತ್ತಿದ್ದರು. ಕಬ್ಬಿನ ಒಣಗರಿ ಸುಲಿದು ಸುಲಿದು ಮೈಯೆಲ್ಲ ಗೀರು, ಕಿವಿಯೊಳಗೂ ಕೆಂಪು ಮಣ್ಣು. ಮೊದಲು ಒಕುದಾ ಹೆಂಡತಿ ಇಳಿಯುತ್ತಿದ್ದಳು. ಅವಳ ಗಂಡ ಕ್ಯಾಂಪಿನ ಯಜಮಾನ. ಆಮೇಲೆ ಜಪಾನಿ ಶಾಲೆಯ ಮೇಷ್ಟ್ರ ಹೆಂಡತಿ. ಆಮೇಲೆ ಉಳಿದ ನಾಯ್ಚಿ ಹೆಂಗಸರು, ಅವರ ಮಕ್ಕಳು, ಮಕ್ಕಳ ಕೈಯಲ್ಲಿನ ಆಟದ ದೋಣಿಗಳು. ಎಲ್ಲ ಮುಗಿದ ಮೇಲೆ ನಾವು. ಅಷ್ಟು ಹೊತ್ತಿಗೆ ನೀರು ಮಣ್ಣಿನ ಬಣ್ಣಕ್ಕೆ ತಿರುಗಿ ಉಗುರು ಬೆಚ್ಚಗೆ ಆಗಿರುತ್ತಿತ್ತು, ಮೇಲೆ ಕೆನೆ ಕಟ್ಟಿರುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ಕ್ಯಾಂಪಿನಲ್ಲಿ ಕೈ ನಮ್ಮದು, ಬಾಯಿ ಅವರದು.

ಅವ್ವ ಹಂದಿಯನ್ನೂ ಸಾಕುತ್ತಿದ್ದಳು. ಶಾಲೆಗೆ ಹೋಗುವ ಮುಂಚೆ ನಾನು ಮನೆಮನೆಗೆ ಹೋಗಿ ಮುಸುರೆ ತರಬೇಕು. ಒಕುದಾ ಮಗಳು ಸಚಿ ನನ್ನದೇ ತರಗತಿ. ಬಾಗಿಲಿಗೆ ಬಂದು ಮೂಗು ಹಿಡಿದುಕೊಂಡು ನನ್ನ ಡಬ್ಬಕ್ಕೆ ಮುಸುರೆ ಸುರಿಯುತ್ತಿದ್ದಳು. ಬೇಕೆಂದೇ ನನ್ನ ಕೈಗೂ ಸುರಿಯುತ್ತಿದ್ದಳು.

"ಹಂದಿ ಬಂತು, ಹಂದಿ ಬಂತು, ಊಟ ಹಾಕ್ರೋ!"

ಹೊಸ ವರ್ಷ ಬಂದಾಗ ಇದೇ ಜನ ಬಟ್ಟಲು ಹಿಡಿದು ನಮ್ಮ ದೊಡ್ಡಿಯ ಮುಂದೆ ನಿಂತು ಅವ್ವನನ್ನು ಹೆಸರು ಹಿಡಿದು ಕರೆಯುತ್ತಿದ್ದರು. "ಮಕಾತು, ಪಕ್ಕೆಲುಬಿನ ಕಡೆದು ಕೊಡೇ, ಕೊಬ್ಬು ಜಾಸ್ತಿ ಇರ‍್ಲಿ." ಹಂದಿ ಬೇಯುವಾಗ ಯಾರಿಗೂ ವಾಸನೆ ಬರುತ್ತಿರಲಿಲ್ಲ.

ಇಂಗ್ಲಿಷ್ ಶಾಲೆ ಮುಗಿದ ಮೇಲೆ ನಾವು ಜಪಾನಿ ಶಾಲೆಗೆ ಹೋಗಬೇಕಿತ್ತು. ಆ ವರ್ಷ ಚಕ್ರವರ್ತಿಯ ಹುಟ್ಟುಹಬ್ಬಕ್ಕೆ ದೊಡ್ಡ ಸಮಾರಂಭ. ತಾಯಂದಿರೆಲ್ಲ ಬಂದು ಚಕ್ರವರ್ತಿಯ ಪಟಕ್ಕೆ ನಮಸ್ಕಾರ ಮಾಡಬೇಕು. ಮೇಷ್ಟ್ರು ನನ್ನನ್ನು ನಿಲ್ಲಿಸಿದರು. ಇಡೀ ತರಗತಿಯ ಮುಂದೆ ನಿಲ್ಲಿಸಿದರು.

"ಉತೊ, ನಿಮ್ಮಮ್ಮ ಬರ್ತಾಳಾ?"

"ಬರ್ತಾಳೆ ಸಾರ್."

"ಆ ಕೈ ತಗೊಂಡು ಬರ್ತಾಳಾ?"

ಮಕ್ಕಳೆಲ್ಲ ನಕ್ಕರು. ಮೇಷ್ಟ್ರು ನಗಲಿಲ್ಲ. ಕೆಟ್ಟ ಮನುಷ್ಯ ಅಲ್ಲ ಅವರು. ಒಳ್ಳೆಯ ದನಿಯಲ್ಲೇ ಹೇಳಿದರು.

"ಅದು ಕಾಡುಜನರ ಪದ್ಧತಿ ಮಗು. ಸರ್ಕಾರದೋರು ನಿಮ್ಮ ದ್ವೀಪದಲ್ಲೇ ಅದನ್ನ ನಿಷೇಧ ಮಾಡಿದಾರೆ. ಚಕ್ರವರ್ತಿ ಮುಂದೆ ಆ ಕೈ ಜೋಡಿಸೋದು ಅಂದ್ರೇನು? ಕೈಗವಸು ಹಾಕ್ಕೊಂಡು ಬರೋಕೆ ಹೇಳು. ಇಲ್ಲಾ ಬರೋದೇ ಬೇಡ ಅನ್ನು."

ಚಕ್ರವರ್ತಿ ಸಮುದ್ರದ ಆಚೆ ಅರಮನೆಯಲ್ಲಿದ್ದ. ಇಲ್ಲಿದ್ದದ್ದು ಅವನ ಪಟ. ಪಟಕ್ಕೂ ನಮ್ಮವ್ವನ ಕೈ ಕಂಡರೆ ಮೈಲಿಗೆ!

ಈಗ ಹೀಗೆ ಹೇಳುತ್ತೇನೆ. ಅವತ್ತು ನನಗೆ ಮೇಷ್ಟ್ರ ಮೇಲೆ ಸಿಟ್ಟು ಬರಲಿಲ್ಲ. ಅವ್ವನ ಮೇಲೆ ಬಂತು. ಇದನ್ನು ಮುಚ್ಚಿಡುವುದಿಲ್ಲ. ಹನ್ನೊಂದು ವರ್ಷದ ಹುಡುಗಿಗೆ ಅವರು ಅಷ್ಟು ಚೆನ್ನಾಗಿ ಪಾಠ ಕಲಿಸಿದ್ದರು.

ಮನೆಗೆ ಬಂದವಳೇ ಪುಸ್ತಕ ಎಸೆದೆ. ಅವ್ವ ಸ್ನಾನದ ಮನೆಯ ಹಿಂದೆ ಸೌದೆ ಸೀಳುತ್ತಿದ್ದಳು.

"ಕೈ ಕೊಡು," ಅಂದೆ.

"ಯಾಕೆ?"

"ಕೊಡು ಅಂದೆ. ತಿಕ್ಕಿ ತೆಗೀತೀನಿ ಅದನ್ನ."

ಬಚ್ಚಲ ಹಲಗೆ ತಿಕ್ಕುವ ಸುಣ್ಣ-ಬೂದಿಯ ಸೋಪು ತಂದೆ. ಹಿಮ್ಮಡಿ ತಿಕ್ಕುವ ಕಲ್ಲು ತಂದೆ. ಅವ್ವ ನನ್ನ ಮುಖ ನೋಡಿದಳು. ಕೊಡಲಿ ಕೆಳಗಿಟ್ಟು ಎರಡೂ ಕೈ ಮುಂದಕ್ಕೆ ಚಾಚಿದಳು. ನಾನು ತಿಕ್ಕಿದೆ. ಸಚಿ ಮುಸುರೆ ಸುರಿದಿದ್ದನ್ನು ನೆನೆದು ತಿಕ್ಕಿದೆ. ತರಗತಿ ನಕ್ಕಿದ್ದನ್ನು ನೆನೆದು ತಿಕ್ಕಿದೆ. ನೊರೆ ಬಂತು, ನೊರೆ ಗುಲಾಬಿ ಬಣ್ಣ ಆಯಿತು. ಅವ್ವ ಹಲ್ಲು ಕಚ್ಚಿಕೊಂಡಿದ್ದಳು. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಗೆಣ್ಣಿನ ಮೇಲೆ ಚರ್ಮ ಕಿತ್ತು ಬಂದು ರಕ್ತ ಜಿನುಗಿದ ಮೇಲೆ ನಾನು ನಿಲ್ಲಿಸಿದೆ. ನೀರು ಸುರಿದು ನೋಡಿದೆ. ರಕ್ತದ ಅಡಿಯಲ್ಲಿ ಬಾಣಗಳು ಇದ್ದ ಹಾಗೇ ಇದ್ದವು.

ನಾನು ಅಳುವುದಕ್ಕೆ ಶುರು ಮಾಡಿದೆ. ಅವ್ವ ಬೈಯಲಿಲ್ಲ.

"ಆಯ್ತಾ?" ಅಂದಳು. "ಹೋಗಲ್ಲ ಕಣೇ ಅದು. ಹೋಗ್ಲಿ ಅಂತ ಹಾಕಿಸ್ಕೊಂಡಿದ್ದಲ್ಲ."

"ಯಾಕೆ ಹಾಕಿಸ್ಕೊಂಡೆ? ಯಾರು ಹಾಕಿಸ್ಕೋ ಅಂದ್ರು ನಿಂಗೆ?"

"ನಾನೇ. ಅತ್ತೂ ಕರೆದೂ ಹಟ ಮಾಡಿ ಹಾಕಿಸ್ಕೊಂಡೆ. ನಿನ್ನಷ್ಟೇ ಇದ್ದೆ. ಪೊಲೀಸಿನೋರು ಹಿಡೀತಾರೆ ಅಂತ ಸೋದರತ್ತೆ ಕಬ್ಬಿನ ಗದ್ದೆ ಮಧ್ಯ ಕೂರಿಸ್ಕೊಂಡ್ಲು. ಏಳು ಸೂಜಿ ಒಟ್ಟಿಗೆ ಕಟ್ಟಿ ಚುಚ್ಚಿದ್ಲು. ಸಾರಾಯೀಲಿ ಮಸಿ ಕಲಸಿ ಬಳಿದ್ಲು. ಕೈ ಊದ್ಕೊಂಡು ಕುಂಬಳಕಾಯಿ ಆಗಿತ್ತು. ನಮ್ಮಜ್ಜಿ ಬಾಯಿಗೆ ಹುರಿದ ಹುರುಳಿ ಹಾಕ್ತಾ ಇದ್ಲು, ಕಿರುಚಬಾರದು ಅಂತ." ಅವ್ವ ನಕ್ಕಳು. "ಇದಿಲ್ದೇ ಹೋದ್ರೆ ಸತ್ತ ಮೇಲೆ ಆ ಲೋಕದಲ್ಲಿ ಅಜ್ಜಿ ನಮ್ಮನ್ನ ಗುರುತು ಹಿಡಿಯಲ್ವಂತೆ. ನಿಮ್ಮ ಮೇಷ್ಟ್ರು ಗುರುತು ಹಿಡೀಲಿ ಅಂತ ಹಾಕಿಸ್ಕೊಂಡಿಲ್ಲ ನಾನು."

ಗಾಯಕ್ಕೆ ಅವಳೇ ಹಂದಿ ಕೊಬ್ಬು ಹಚ್ಚಿಕೊಂಡಳು. ಒಲೆಗೆ ಸೌದೆ ತುಂಬಿದಳು.

ಆ ಸಂಜೆ ಒಕುದಾ ಹೆಂಡತಿ ಸ್ನಾನ ಮುಗಿಸಿ ಹೊರಗೆ ಬಂದಾಗ ಅವ್ವ ಒಲೆಯ ಮುಂದೆ ಕೂತಿದ್ದಳು. ಬೆಂಕಿಯ ಬೆಳಕು ಕೈಗೆ ಬಿದ್ದಿತ್ತು. ಆ ಹೆಂಗಸು ನಿಂತಳು. ಬಗ್ಗಿ ನೋಡಿದಳು. ಮೂಗಿಗೆ ಟವೆಲು ಮುಚ್ಚಿಕೊಂಡಳು.

"ಇದೇನೇ ಇದು, ಕೈಯೆಲ್ಲ ಕೊಳೆತು ಹೋಗಿದೆ? ರೋಗ ಏನೇ?"

"ರೋಗ ಅಲ್ಲ ಅಮ್ಮಾವ್ರೇ. ಸೋಪು ತಾಗಿದ್ದು."

"ಸೋಪು ತಾಗಿ ಯಾರ ಕೈ ಹಿಂಗಾಗುತ್ತೆ? ನಮಗೆ ಕಿವಿ ಮೇಲೆ ಹೂ ಇಡ್ತೀಯಾ? ಆ ಹಚ್ಚೆ ಕೀವು ಕಟ್ಕೊಂಡಿರೋದು. ಇವತ್ತಿಂದ ನೀನು ತೊಟ್ಟಿಗೆ ಇಳೀಬೇಡ. ಕೊನೇಲೂ ಬೇಡ. ಮಾರನೇ ದಿನ ಅದೇ ತೊಟ್ಟೀಲಿ ನಮ್ಮ ಮಕ್ಕಳು ಕೂರಬೇಕು."

"ದಿನಾ ತೊಟ್ಟಿ ತಿಕ್ಕೋದು ನಾನೇ ಅಲ್ವಾ ಅಮ್ಮಾವ್ರೇ?"

"ತಿಕ್ಕೋದು ತಿಕ್ಕು. ಯಾರು ಬೇಡ ಅಂದ್ರು? ಇಳೀಬೇಡ, ಅಷ್ಟೇ."

ನಾನು ಅಲ್ಲೇ ಇದ್ದೆ. ಸೌದೆ ಕೈಯಲ್ಲಿ ಹಿಡಿದು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ತಿಕ್ಕಿದ್ದು ನಾನು ಅನ್ನಬಹುದಿತ್ತು. ಬಾಯಿಗೆ ಬೀಗ ಬಿದ್ದಿತ್ತು. ಅವ್ವ ನನ್ನ ಕಡೆ ನೋಡಲೂ ಇಲ್ಲ. ನೋಡಿದರೆ ನಾನು ಸಿಕ್ಕಿಬೀಳುತ್ತೇನೆ ಅಂತ ನೋಡಲಿಲ್ಲ.

ಅವತ್ತಿನಿಂದ ಅವ್ವ ಕಾಲುವೆಯಲ್ಲಿ ಸ್ನಾನ ಮಾಡತೊಡಗಿದಳು. ಬೆಟ್ಟದಿಂದ ಇಳಿದು ಬರುವ ನೀರು, ಮೂಳೆಗೆ ಹೊಗುವ ಚಳಿ. ಹಗಲೆಲ್ಲ ಬೆಂಕಿಯ ಮುಂದೆ ಬೆಂದವಳು ಸಂಜೆ ಬೆನ್ನ ಮೇಲೆ ಮಂಜಿನಂಥ ನೀರು ಸುರಿದುಕೊಂಡು ನಡುಗುತ್ತ ಬರುತ್ತಿದ್ದಳು. ನಾಲ್ಕನೆಯ ದಿನಕ್ಕೆ ಮಂಡಿ ಊದಿತು. ಆರನೆಯ ದಿನಕ್ಕೆ ಬೆರಳು ಮಡಚಲು ಆಗದೆ ಬಕೆಟ್ಟಿನ ಹಿಡಿಯನ್ನು ಮೊಣಕೈಗೆ ಸಿಕ್ಕಿಸಿಕೊಂಡು ನೀರು ಹೊತ್ತಳು. ಎಂಬತ್ತು ಬಕೆಟ್ಟು. ಆ ಬಿಸಿನೀರಿನಲ್ಲಿ ಒಂದು ಗಳಿಗೆ ಕೂತಿದ್ದರೆ ಆ ಮಂಡಿ, ಆ ಬೆರಳು ಸಡಿಲವಾಗುತ್ತಿದ್ದವು. ತಾನೇ ಹೊತ್ತ ನೀರು, ತಾನೇ ಹಾಕಿದ ಬೆಂಕಿ. ಮುಟ್ಟುವಂತಿಲ್ಲ.

ನಮ್ಮ ಸಾಲಿನ ಉಶಿ ಚಿಕ್ಕಮ್ಮ, ಅವಳೂ ನಮ್ಮೂರ ಕಡೆಯವಳೇ, ಕೈ ತುಂಬ ಹಚ್ಚೆ ಇದ್ದವಳೇ, ಬಂದು ಪಿಸುಗುಟ್ಟಿದಳು.

"ಸುಮ್ನಿರು ಮಕಾತಕ್ಕ. ಇವತ್ತು ನಿಂಗೆ ಬೇಡ ಅಂದ್ರು. ಮಾತಾಡಿದ್ರೆ ನಾಳೆ ನಮಗೆಲ್ಲಾರಿಗೂ ಬೇಡ ಅಂತಾರೆ. ತಣ್ಣೀರೋ ಬಿಸಿನೀರೋ, ಮೈಗೆ ನೀರು ಬಿದ್ರೆ ಆಯ್ತಪ್ಪ."

"ಹಂಗಾದ್ರೆ ನೀನೂ ಬಾ ಕಾಲುವೆಗೆ," ಅಂದಳು ಅವ್ವ. ಉಶಿ ಚಿಕ್ಕಮ್ಮ ತೆಪ್ಪಗೆ ಹೋದಳು.

ಆ ರಾತ್ರಿ ಅವ್ವನ ಮಂಡಿಗೆ ಬಿಸಿ ಬಟ್ಟೆ ಒತ್ತುತ್ತ, ಎಲ್ಲ ನನ್ನಿಂದ ಆಗಿದ್ದು ಅಂದೆ.

"ನಿನ್ನಿಂದ ಏನಾಯ್ತು? ನೀನು ಆರು ದಿನದ ಕೆಳಗೆ ತಿಕ್ಕಿದೆ. ನಾಲ್ಕು ವರ್ಷದಿಂದ ನನ್ನ ಕಾಲು ಸುಡ್ತಾ ಇರೋದು ನಿನ್ನಿಂದಾನಾ?" ಅಂದಳು. ಗೋಡೆಯ ಕಡೆ ತಿರುಗಿ ಮಲಗಿದಳು.

ಮಾರನೆಯ ದಿನ ನಾನು ಜಪಾನಿ ಶಾಲೆಗೆ ಹೋಗಲಿಲ್ಲ. ನೇರ ಸ್ನಾನದ ಮನೆಗೆ ಬಂದೆ. ಹೆಂಗಸರ ತೊಟ್ಟಿಯ ಮುಚ್ಚಳ ತೆಗೆದೆ. ನೀರು ಕಾದಿತ್ತು. ನಾಲ್ಕು ಗಂಟೆ ಆಗಿತ್ತೇನೋ, ಸಿಳ್ಳೆಗೆ ಇನ್ನೂ ಅರ್ಧ ಗಂಟೆ ಇತ್ತು. ಅವ್ವ ಕುಂಟುತ್ತ ಒಳಗೆ ಬಂದಳು. ಸೌಟು ಎತ್ತಿಕೊಂಡಳು, ಪಾದದ ಮೇಲೆ ಸುರಿದುಕೊಳ್ಳಲು. ನಾನು ಸೌಟು ಕಿತ್ತುಕೊಂಡೆ.

"ಇಳಿ ಅವ್ವ."

"ಏನು?"

"ತೊಟ್ಟಿಗೆ ಇಳಿ. ಈಗ. ಅವರು ಬರೋ ಮುಂಚೆ."

"ತಲೆ ಕೆಟ್ಟಿದೆಯೇನೇ ನಿಂಗೆ? ಸೌಟು ಕೊಡು ಇಲ್ಲಿ."

"ಕೊಡಲ್ಲ."

"ಉತೊ, ಕೆಲಸ ಹೋಗುತ್ತೆ. ಮನೆ ಖಾಲಿ ಮಾಡಿಸ್ತಾರೆ. ಹಂದಿ ಹೊಡ್ಕೊಂಡು ಎಲ್ಲಿಗೆ ಹೋಗಣ?"

ಮಾತಾಡಿ ಗೆಲ್ಲುವುದು ನನ್ನಿಂದ ಆಗುತ್ತಿರಲಿಲ್ಲ. ಬಕೆಟ್ಟಿನಲ್ಲಿ ಕಾಲು ತೊಳೆದುಕೊಂಡೆ. ತೊಟ್ಟಿಯ ಅಂಚು ಹತ್ತಿ ಕೂತೆ. ಹಾಕಿದ ಲಂಗದಲ್ಲೇ ಎರಡೂ ಕಾಲನ್ನು ಮಂಡಿಯವರೆಗೂ ಮೊದಲ ನೀರಿನೊಳಕ್ಕೆ ಇಳಿಬಿಟ್ಟೆ. ಅವ್ವ "ಅಯ್ಯಯ್ಯೋ" ಅಂತ ಬಾಯಿಗೆ ಕೈ ಹಿಡಿದಳು.

"ಹೋಯ್ತು," ಅಂದೆ. "ಮೈಲಿಗೆ ಆಗೋಯ್ತು. ಇನ್ನು ನೀನು ಇಳಿದ್ರೂ ಅಷ್ಟೇ ಬೈಗುಳ, ಇಳೀದಿದ್ರೂ ಅಷ್ಟೇ ಬೈಗುಳ. ಬೈಸ್ಕೊಳ್ಳೋದೇ ಆದ್ರೆ ಮಂಡಿನಾದ್ರೂ ಸರಿಯಾಗ್ಲಿ."

ಅವ್ವ ನನ್ನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಅವಳ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದಳು! ಅಪ್ಪ ಸತ್ತ ಮೇಲೆ ಅವಳು ಹಾಗೆ ಹೊಟ್ಟೆ ಹಿಡಿದು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ನಿಮ್ಮಪ್ಪನ ಮೊಂಡು ಎಲ್ಲಿಗೆ ಹೋಗುತ್ತೆ," ಅಂದಳು. ಬಾಗಿಲ ಅಗುಳಿ ಹಾಕಿದಳು.

ಅವಳು ತೊಟ್ಟಿಗೆ ಹಾಗೇ ಇಳಿಯಲಿಲ್ಲ. ಹೊರಗೆ ಮಣೆ ಹಾಕಿಕೊಂಡು ಕೂತು ಮೊದಲು ಮೈ ತೊಳೆದುಕೊಂಡಳು. ನೆತ್ತಿಯಿಂದ ಹಿಮ್ಮಡಿಯವರೆಗೆ, ಕಿವಿಯ ಹಿಂದೆ, ಉಗುರಿನ ಸಂದಿ, ಮೂರು ಮೂರು ಸಲ ಸೋಪು. ನಾನು ಬೇಗ ಬೇಗ ಅಂದೆ. "ಇರು," ಅಂದಳು. "ಒಕುದಾ ಹೆಂಡತಿ ಯಾವತ್ತೂ ಹಿಂಗೆ ತೊಳ್ಕೊಂಡು ಇಳಿದೋಳಲ್ಲ. ನಾನು ತೊಳ್ಕೊಂಡೇ ಇಳೀತೀನಿ." ಆಮೇಲೆ ತೊಟ್ಟಿಯ ಅಂಚು ಹಿಡಿದು, ಒಂದು ಕಾಲು, ಇನ್ನೊಂದು ಕಾಲು, ಮೆಲ್ಲಗೆ ಕುತ್ತಿಗೆಯವರೆಗೆ ಇಳಿದು ಕೂತಳು. ಕಣ್ಣು ಮುಚ್ಚಿಕೊಂಡಳು. ಅವಳ ಬಾಯಿಂದ ಒಂದು ಉಸಿರು ಬಂತು. ನಾಲ್ಕು ವರ್ಷ ಹಿಡಿದಿಟ್ಟಿದ್ದ ಉಸಿರು.

ನೀರು ತಿಳಿಯಾಗಿತ್ತು. ತಳದ ಹಲಗೆಯ ಗೆರೆಗಳು ಕೂಡ ಕಾಣುತ್ತಿದ್ದವು. ನಾನು ಆ ತೊಟ್ಟಿಯ ತಳವನ್ನು ನೀರು ತುಂಬಿದ್ದಾಗ ಯಾವತ್ತೂ ನೋಡಿರಲಿಲ್ಲ. ನಮ್ಮ ಸರದಿ ಬರುವ ಹೊತ್ತಿಗೆ ನಮ್ಮದೇ ಹೊಟ್ಟೆ ನಮಗೆ ಕಾಣುತ್ತಿರಲಿಲ್ಲ. ಈಗ ಅವ್ವನ ಎರಡು ಕೈಗಳು ನೀರಿನೊಳಗೆ ಚಾಚಿಕೊಂಡು ಕಾಣುತ್ತಿದ್ದವು. ಬಾಣಗಳು, ಚೌಕಗಳು, ದುಂಡು ಬೊಟ್ಟುಗಳು. ನಾನು ಕಿತ್ತ ಗಾಯದ ಹಕ್ಕಳೆ ನೆನೆದು ಮೆತ್ತಗಾಗಿತ್ತು, ಅದರ ಕೆಳಗೂ ನೀಲಿ. ಚೆಂದ ಇತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಷ್ಟು ಚೆಂದದ ಕೈಯನ್ನು ನಾನು ಕಲ್ಲಿನಲ್ಲಿ ತಿಕ್ಕಿದ್ದೆ.

ಸಿಳ್ಳೆ ಊದಿತು.

ಬೀದಿಯಲ್ಲಿ ಹೆಜ್ಜೆ ಸದ್ದಾಯಿತು. ಬಾಗಿಲು ಅಲುಗಾಡಿತು. ಮೊದಲು ಬೆರಳು, ಆಮೇಲೆ ಅಂಗೈ, ಆಮೇಲೆ ಮುಷ್ಟಿ.

"ಯಾರದು ಒಳಗೆ? ಮಕಾತು! ಅಗುಳಿ ಯಾಕೆ ಹಾಕಿದೀಯಾ?"

ಅವ್ವನಿಗೆ ಎದ್ದೇಳು ಅಂದೆ. ಧೈರ್ಯ ಎಲ್ಲ ಇಳಿದುಹೋಗಿತ್ತು ನನಗೆ.

ಅವ್ವ ಏಳಲಿಲ್ಲ. "ಬಾಗಿಲು ತೆಗಿ," ಅಂದಳು.

ತೆಗೆದೆ. ಹೊಸ್ತಿಲ ಆಚೆ ಹದಿನೈದು ಹೆಂಗಸರು. ಮುಖಕ್ಕೆ ಸುತ್ತಿದ ಬಟ್ಟೆ ಬಿಚ್ಚಿದ್ದರು. ಕಣ್ಣಿನ ಸುತ್ತ ಮಾತ್ರ ಬಿಳುಪು, ಉಳಿದದ್ದೆಲ್ಲ ಕೆಂಪು ಮಣ್ಣು. ಮುಂದೆ ಒಕುದಾ ಹೆಂಡತಿ, ಅವಳ ಪಕ್ಕ ಸಚಿ. ಹಿಂದೆ ಎಲ್ಲೋ ಉಶಿ ಚಿಕ್ಕಮ್ಮ. ಎಲ್ಲರೂ ಒಳಗೆ ನೋಡಿದರು. ಹಬೆಯ ನಡುವೆ ಅವ್ವನ ತಲೆ, ತೊಟ್ಟಿಯ ಅಂಚಿನ ಮೇಲೆ ಇಟ್ಟ ಎರಡು ನೀಲಿ ಕೈ.



"ಏಯ್! ಹೊರಗೆ ಬಾ!" ಒಕುದಾ ಹೆಂಡತಿ ಕಿರುಚಿದಳು.

"ಇನ್ನೂ ಮೈ ಕಾದಿಲ್ಲ," ಅಂದಳು ಅವ್ವ.

"ಏನಂದೆ?"

"ಮೈ ಕಾದಿಲ್ಲ ಅಂದೆ ಅಮ್ಮಾವ್ರೇ. ನೀವು ಇಳಿದಾಗ ಕಾಯೋವರೆಗೂ ಕೂರ್ತೀರಲ್ಲ. ನಾನೂ ಕೂತಿದೀನಿ."

"ರೋಗದ ಕೈ ಹೊತ್ಕೊಂಡು ಮೊದಲ ನೀರಿಗೆ ಇಳಿದಿದೀಯಲ್ಲೇ, ಹಂದಿಯವಳೇ! ನಮ್ಮ ಮಕ್ಕಳು ಸಾಯ್ಬೇಕಾ?"

"ರೋಗ ಅಲ್ಲ!"

ಕೂಗಿದ್ದು ನಾನು. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ನಾನು ತಿಕ್ಕಿದ್ದು ಅದು. ಸುಣ್ಣದ ಸೋಪು ಹಾಕಿ, ಕಲ್ಲು ಹಾಕಿ ತಿಕ್ಕಿದ್ದು. ಮೇಷ್ಟ್ರು ಆ ಕೈ ಬೇಡ ಅಂದ್ರು. ಸಚಿ ನಕ್ಕಳು. ನೀವೆಲ್ಲ ನಕ್ರಿ. ಅದಕ್ಕೇ ರಕ್ತ ಬರೋ ಹಂಗೆ ತಿಕ್ಕಿದೆ. ರೋಗ ಇರೋದು ಅವಳ ಕೈಲಲ್ಲ!"

ಸಚಿ ಅಮ್ಮನ ಹಿಂದಕ್ಕೆ ಸರಿದಳು. ಒಕುದಾ ಹೆಂಡತಿ ನನ್ನ ಕೆನ್ನೆಗೆ ಬಾರಿಸಿದಳು. ಚಟಾರೆಂದಿತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ನಿಂತೆ. ಅವ್ವ ಎದ್ದು ನಿಂತಳು. ನೀರು ಅವಳ ಮೈಯಿಂದ ಸುರಿಯಿತು. ಏನನ್ನೂ ಮುಚ್ಚಿಕೊಳ್ಳಲಿಲ್ಲ ಅವಳು, ಕೈಗಳನ್ನಂತೂ ಮುಚ್ಚಿಕೊಳ್ಳಲಿಲ್ಲ.

"ಇನ್ನೊಂದು ಸಲ ಅವಳ ಮೈ ಮುಟ್ಟಿ ನೋಡಿ," ಅಂದಳು. ಕೂಗಲಿಲ್ಲ. "ನಾಳೆ ಈ ಒಲೇಲಿ ಬೂದಿ ಮಾತ್ರ ಇರುತ್ತೆ."

"ದೊರೆಗೆ ಹೇಳಿ ಕೆಲಸ ತೆಗೆಸ್ತೀನಿ ನಿಂದು!"

"ತೆಗೆಸಿ. ಇವತ್ತೇ ತೆಗೆಸಿ." ಅವ್ವ ಹೊಸ್ತಿಲಿನ ಆಚೆಗಿದ್ದ ಒಂದೊಂದು ಮುಖವನ್ನೂ ನೋಡುತ್ತ ಹೋದಳು. "ಹಂಗೇ ನಾಳೆ ಕಣಿವೆಗೆ ಯಾರು ಇಳೀತೀರಿ, ಅದನ್ನೂ ಈಗಲೇ ಮಾತಾಡ್ಕೊಂಡುಬಿಡಿ. ಎಂಬತ್ತು ಎಂಬತ್ತು ಬಕೆಟ್ಟು ಯಾರು ಹೊರ್ತೀರಿ? ನಿಮ್ಮ ಕೊಳೆ ಯಾರು ತಿಕ್ತೀರಿ? ಹೇಳ್ರಮ್ಮ. ಯಾರ ಕೈ ಶುದ್ಧವಾಗಿದೆ, ಮುಂದೆ ಚಾಚ್ರಿ ನೋಡೋಣ."

ಹದಿನೈದು ಹೆಂಗಸರು ತಮ್ಮ ತಮ್ಮ ಕೈ ನೋಡಿಕೊಂಡರು. ಗರಿ ಗೀರಿದ ಕೈ, ಉಗುರಿನಲ್ಲಿ ಮಣ್ಣು ತುಂಬಿದ ಕೈ. ಯಾರೂ ಚಾಚಲಿಲ್ಲ. ಬೆಳಗಿನ ಐದು ಗಂಟೆಯಿಂದ ಗದ್ದೆಯಲ್ಲಿ ನಿಂತು ಬಂದವರು ಅವರು. ಕಣಿವೆಗೆ ಇಳಿಯುವ ಶಕ್ತಿ ಯಾರಿಗಿತ್ತು?

ಹಿಂದಿನಿಂದ ಜನರನ್ನು ತಳ್ಳಿಕೊಂಡು ಒಬ್ಬಳು ಮುಂದೆ ಬಂದಳು. ಉಶಿ ಚಿಕ್ಕಮ್ಮ. ಹೊಸ್ತಿಲಲ್ಲಿ ಒಂದು ಸಲ ನಿಂತಳು, ನಾಯ್ಚಿ ಹೆಂಗಸರಿಗಿಂತ ಮುಂದೆ ಅವಳು ಆ ಹೊಸ್ತಿಲು ದಾಟಿದವಳಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡು ದಾಟಿಬಿಟ್ಟಳು. "ಸ್ವಲ್ಪ ಸರ‍್ಕೊ ಅಕ್ಕ," ಅಂದಳು. ಮಣೆ ಹಾಕಿಕೊಂಡು ಕೂತು ಮೈ ತೊಳೆಯತೊಡಗಿದಳು.

ಆಮೇಲೆ ನಾಯ್ಚಿಗಳ ತೊಮೆ ಅಜ್ಜಿ ಗೊಣಗಿದಳು. ಅರವತ್ತು ವರ್ಷ, ಇನ್ನೂ ಗರಿ ಸುಲಿಯುವ ಕೆಲಸ. ಬಾಯಿ ತೆಗೆದರೆ ಬೈಗುಳ, ನನಗೂ ನೂರು ಸಲ ಬೈದಿದ್ದವಳು.

"ನಿಮ್ಮ ಮೇಲು-ಕೀಳಿಗೆ ಬೆಂಕಿ ಹಾಕ, ಸೊಂಟ ಮುರಿದು ಹೋಗ್ತಾ ಇದೆ ನನಗೆ. ಯಾವ ಊರಿನೋಳು ಮೊದಲು ಇಳಿದ್ಲು ಅಂತ ಆಮೇಲೆ ವಿಚಾರಿಸ್ಕೊಳ್ರಿ. ದಾರಿ ಬಿಡ್ರೇ!"

ಪ್ರೀತಿಯಿಂದ ಬಂದಳು ಅಂತ ನಾನು ಸುಳ್ಳು ಹೇಳುವುದಿಲ್ಲ. ಸೊಂಟ ನೋಯುತ್ತಿತ್ತು, ಬಂದಳು. ಅಷ್ಟು ಸಾಕಿತ್ತು ನಮಗೆ. ಅವಳ ಹಿಂದೆ ಇನ್ನೊಬ್ಬಳು ಬಂದಳು. ಒಂದೇ ತೊಟ್ಟಿಯಲ್ಲಿ ಇಬ್ಬರು ನಾವು, ಇಬ್ಬರು ಅವರು. ನೀರಿಗೇನೂ ಆಗಲಿಲ್ಲ.

ಒಕುದಾ ಹೆಂಡತಿ ಮಗಳ ಕೈ ಹಿಡಿದು ದರದರ ಎಳೆದುಕೊಂಡು ಹೋದಳು. ಮಂಡಿಯವರೆಗೆ ಕೆಂಪು ಮಣ್ಣು ಹಾಗೇ ಇತ್ತು. ಮೇಷ್ಟ್ರ ಹೆಂಡತಿ ಬಾಗಿಲ ಬಳಿ ತುಂಬ ಹೊತ್ತು ಹಿಂದೆ ಮುಂದೆ ನೋಡುತ್ತ ನಿಂತು, ಕೊನೆಗೆ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಒಕುದಾ ಯಜಮಾನ ದೂರು ಹೇಳಲು ದೊರೆಯ ಹತ್ತಿರ ಹೋದ. ದೊರೆ ಕೇಳಿದ್ದು ಒಂದೇ ಪ್ರಶ್ನೆ, ನೀರು ಹೊತ್ತಿಗೆ ಸರಿಯಾಗಿ ಕಾಯುತ್ತಿದೆಯಾ ಇಲ್ಲವಾ? ಕಾಯುತ್ತಿದೆ ಅಂದನಂತೆ. ಮತ್ತೆ ನನ್ನ ತಲೆ ಯಾಕೆ ತಿನ್ನುತ್ತೀಯ ಅಂತ ದೊರೆ ಓಡಿಸಿದನಂತೆ. ನಮ್ಮ ಮೇಲಿನ ಕರುಣೆಯಿಂದ ಅಲ್ಲ. ಅವನಿಗೆ ನಾವೆಲ್ಲ ನಂಬರು ತಾನೇ. ಆದರೆ ಅದರ ಬಿಸಿ ನಮಗೂ ತಾಗದೆ ಹೋಗಲಿಲ್ಲ. ಆ ವಾರ ಒಕುದಾ ಮನೆಯವರು ಮುಸುರೆ ಕೊಡಲಿಲ್ಲ. ಯಾರೋ ಹಂದಿ ದೊಡ್ಡಿಯ ಬೇಲಿ ಮುರಿದರು. ಒಂದು ಮರಿ ಕಣಿವೆಗೆ ಬಿದ್ದು ಸತ್ತಿತು. ಅವ್ವ ಬೇಲಿ ಕಟ್ಟಿದಳು, ಮರಿಯನ್ನು ಹೂತಳು, ಒಲೆ ಹಚ್ಚಿದಳು. ತೊಟ್ಟಿಗೆ ಇಳಿಯುವ ಹಳೆಯ ಸರದಿ ಮಾತ್ರ ಆ ಸಂಜೆಯಿಂದಲೇ ಹೋಯಿತು. ಯಾರು ಮೊದಲು ಬರುತ್ತಾರೋ ಅವರು ಮೊದಲು.

ಚಕ್ರವರ್ತಿಯ ಹುಟ್ಟುಹಬ್ಬಕ್ಕೆ ಅವ್ವ ಶಾಲೆಗೆ ಬಂದಳು. ಕೈಗವಸು ಇರಲಿಲ್ಲ. ಉಶಿ ಚಿಕ್ಕಮ್ಮನ ಪಕ್ಕ ನಿಂತು ಎರಡೂ ಕೈ ಜೋಡಿಸಿದಳು. ಮೇಷ್ಟ್ರು ನೋಡಿ ಪಟದ ಕಡೆ ತಿರುಗಿಕೊಂಡರು. ಪಾಪ, ಅವರೇನು ಅಂದಾರು? ಅವರ ಹೆಂಡತಿ ಹಿಂದಿನ ಸಂಜೆ ಅವ್ವನ ಜೊತೆಗೇ ಕುತ್ತಿಗೆಯವರೆಗೆ ಕೂತು ಎದ್ದಿದ್ದಳು.

ಒಕುದಾ ಹೆಂಡತಿ ಮನೆಯ ಅಡುಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳುತ್ತಿದ್ದಳು. ಒಂದು ಚರಿಗೆ ಕಾಯುವಷ್ಟರಲ್ಲಿ ಇನ್ನೊಂದು ಆರುತ್ತಿತ್ತು. ಕೂದಲಿನ ಬುಡದಲ್ಲಿ ಮಣ್ಣು ಕಟ್ಟಿಕೊಂಡಿತ್ತು, ಕೆರೆದುಕೊಳ್ಳುತ್ತಲೇ ಇರುತ್ತಿದ್ದಳು. ಹನ್ನೆರಡು ದಿನ ಹಾಗೆ ನಡೆಸಿದಳು. ಹದಿಮೂರನೆಯ ಸಂಜೆ ಟವೆಲು ಹೆಗಲಿಗೆ ಹಾಕಿಕೊಂಡು ಬಂದು ಸ್ನಾನದ ಮನೆಯ ಬಾಗಿಲಲ್ಲಿ ನಿಂತಳು. ಒಳಗಿದ್ದವರೆಲ್ಲ ತಿರುಗಿ ನೋಡಿದರು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಗೋಡೆಗೆ ಕೇಳುವ ಹಾಗೆ ಕೇಳಿದಳು.

"ನೀರು ಹದವಾಗಿದೆಯಾ?"

ಸೌಟು ಮೊಳೆಗೆ ನೇತುಹಾಕಿತ್ತು. ನಾನು ಅವ್ವನನ್ನೇ ನೋಡಿದೆ. ಅವ್ವ ಸೌಟು ಮುಟ್ಟಲಿಲ್ಲ. ಅಂಗಿಯ ತೋಳನ್ನು ಮೇಲಕ್ಕೆ ಮಡಚಿಕೊಂಡಳು. ತೊಟ್ಟಿಯ ಹತ್ತಿರ ಹೋಗಿ, ಒಕುದಾ ಹೆಂಡತಿಗೆ ಚೆನ್ನಾಗಿ ಕಾಣುವ ಹಾಗೆ ನಿಂತು, ನೀಲಿ ಕೈಯನ್ನು ಮೊಣಕೈಯವರೆಗೂ ನೀರಿನೊಳಗೆ ಇಳಿಸಿದಳು. ಅಡಿಯಿಂದ ಮೇಲಕ್ಕೆ ಒಂದು ಸಲ, ಎರಡು ಸಲ, ಮೂರು ಸಲ ಕದಡಿದಳು.

"ಹದವಾಗಿದೆ," ಅಂದಳು. "ಇಳೀರಿ."

ಒಕುದಾ ಹೆಂಡತಿ ಇಳಿದಳು.